ಹತ್ತಡಿ ಅಗಲದ ಹಾಲ್‌ಗೆ ಸ್ಪೀಕರೋ, ಹೆಡ್‌ಫೋನೋ?

ಪ್ರಶ್ನೆ: ಮುಂಬೈ ಹತ್ತಿರದ ಡೊಂಬಿವಲಿಯಲ್ಲಿ ನಮ್ಮದು ಒಂದು ಬಿಎಚ್‌ಕೆ ಫ್ಲ್ಯಾಟ್. ಹಾಲ್ 10 ಅಡಿ ಅಗಲ, 14 ಅಡಿ ಉದ್ದ. ಬ್ಯಾಂಕ್ ಕೆಲಸ ಮುಗಿಸಿ ಲೋಕಲ್ ರೈಲು ಹಿಡಿದು ಮನೆ ಸೇರುವಾಗ ಎಂಟೂವರೆ. ಮಕ್ಕಳು ಬೆಡ್‌ರೂಮಿನಲ್ಲಿ ಮಲಗಿದ ಮೇಲೆ, ಹತ್ತರಿಂದ ಹನ್ನೊಂದೂವರೆ ತನಕ ಹಾಡು ಕೇಳುವ ಹುಚ್ಚು ನನಗೆ. ಜಾಸ್ತಿ ಹಿಂದೂಸ್ತಾನಿ ಗಾಯನ, ನಡುನಡುವೆ ಹಳೆಯ ಕನ್ನಡ ಚಿತ್ರಗೀತೆ. 40 ಸಾವಿರ ರೂಪಾಯಿ ತೆಗೆದಿಟ್ಟಿದ್ದೇನೆ. ಸ್ಪೀಕರ್ ತಗೊಳ್ಳಲೋ, ಹೆಡ್‌ಫೋನ್ ತಗೊಳ್ಳಲೋ? ಎಲೆಕ್ಟ್ರಾನಿಕ್ಸ್ ಅಂಗಡಿಗಳ ಲ್ಯಾಮಿಂಗ್ಟನ್ ರೋಡಿನಲ್ಲಿ ವಿಚಾರಿಸಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ಉತ್ತರ: ನೀವು ಕೇಳುವುದು ರಾತ್ರಿ ಹತ್ತರ ನಂತರ. ಅಲ್ಲಿಗೆ ಅರ್ಧ ತೀರ್ಮಾನ ಆದ ಹಾಗೆ. ಹೆಡ್‌ಫೋನ್ ತಗೊಳ್ಳಿ.

2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳಲ್ಲಿ ರಾತ್ರಿ ಅಂದರೆ 10ರಿಂದ ಬೆಳಿಗ್ಗೆ 6. ವಸತಿ ಪ್ರದೇಶಕ್ಕೆ ಆ ಹೊತ್ತಿನ ಮಿತಿ 45 ಡೆಸಿಬೆಲ್. ಮೆಲ್ಲಗೆ ಮಾತಾಡಿದರೂ ಹೆಚ್ಚುಕಡಿಮೆ ಅಷ್ಟಾಗುತ್ತದೆ. ನಿಯಮದ ಮಾತು ಬಿಡಿ, ಅದಕ್ಕೂ ಮೊದಲು ಪಕ್ಕದ ಮನೆಯ ಆಜಿ ಬಂದು ಬಾಗಿಲು ತಟ್ಟುತ್ತಾರೆ. ವಾಲ್ಯೂಮ್ ಇಳಿಸಿದರೆ ಆಯ್ತಲ್ಲ ಅಂತೀರಾ? ಇಳಿಸುತ್ತಾ ಹೋದಂತೆ ನಮ್ಮ ಕಿವಿಗೆ ಮೊದಲು ಮಾಯವಾಗುವುದು ಮಂದ್ರ, ಅಂದರೆ ತಗ್ಗಿನ ಸದ್ದು. ತಂಬೂರಿಯ ತೀರ ತಗ್ಗಿನ ತಂತಿಯಾದ ಖರ್ಜ, ತಬಲಾ ಜೋಡಿಯಲ್ಲಿ ದೊಡ್ಡದಾದ ಡಗ್ಗಾ ಎರಡೂ ಸೊರಗಿ ಹಾಡು ತೆಳ್ಳಗಾಗುತ್ತದೆ. ಏರಿಸಿದರೆ ಗೋಡೆ ದಾಟಿ ಹೋಗುವುದೂ ಅದೇ ಮಂದ್ರ. ಬಂದಿಶ್‌ನ ಮಾತು ಆಜಿಗೆ ಕೇಳದೆ ಇರಬಹುದು, ಡಗ್ಗಾದ ಗುಮ್‌ಗುಮ್ ಕೇಳಿಯೇ ಕೇಳುತ್ತದೆ.

ಇನ್ನು ನಿಮ್ಮ ಹಾಲ್. ಸ್ಪೀಕರಿನ ಸದ್ದಿನಲ್ಲಿ ಒಂದು ಪಾಲು ನೇರ ಕಿವಿಗೆ ಬರುತ್ತದೆ. ಇನ್ನೊಂದು ಪಾಲು ಗೋಡೆ, ನೆಲ, ಸೀಲಿಂಗಿಗೆ ಬಡಿದು ಬರುತ್ತದೆ. ಎದುರುಬದುರು ಗೋಡೆಗಳ ನಡುವೆ 10 ಅಡಿ ಇದ್ದರೆ ಸುಮಾರು 56–57 ಹರ್ಟ್ಜ್‌ನ ಸದ್ದು ಅವುಗಳ ನಡುವೆಯೇ ಸಿಕ್ಕಿಬಿದ್ದು ಗುಂಯ್‌ಗುಡುತ್ತದೆ. ನಮ್ಮ ಫ್ಲ್ಯಾಟುಗಳ ಎತ್ತರವೂ ಒಂಬತ್ತೂವರೆ, ಹತ್ತು ಅಡಿಯ ಆಸುಪಾಸು. ಹಾಗಾಗಿ ಅಗಲದ ಗುಂಗು, ಎತ್ತರದ ಗುಂಗು ಎರಡೂ ಒಂದೇ ಕಡೆ ಬಂದು ಕೂರುತ್ತವೆ. ಗಂಡಸರು ಕಾಳಿ ಏಕ್‌ನಲ್ಲಿ, ಅಂದರೆ ಹಾರ್ಮೋನಿಯಂನ ಮೊದಲ ಕಪ್ಪು ಮನೆಯನ್ನು ಷಡ್ಜ ಮಾಡಿಕೊಂಡು, ಹಾಡುವಾಗ ತಂಬೂರಿಯ ಖರ್ಜದ ತಂತಿ ಸುಮಾರು 69 ಹರ್ಟ್ಜ್. ಗುಂಗಿನ ಪಕ್ಕದಲ್ಲೇ ಇದೆ, ನೋಡಿ. ಇಂಥ ಹಾಲ್‌ನಲ್ಲಿ ಗೋಡೆಗೆ ಒರಗಿದ ಸೋಫಾದಲ್ಲಿ ಕೂತರೆ ಡಗ್ಗಾ ಊದಿಕೊಂಡಂತೆ ಕೇಳುತ್ತದೆ. ಎದ್ದು ನಡುಮಧ್ಯೆ ನಿಂತರೆ ಅದರ ಅರ್ಧ ಇರುವುದೇ ಇಲ್ಲ. ಎಷ್ಟು ದುಬಾರಿ ಸ್ಪೀಕರ್ ತಂದರೂ ಕೋಣೆ ಬದಲಾಗುವುದಿಲ್ಲ.

ದಪ್ಪ ಪರದೆ, ನವಲಗುಂದದ ಜಮಖಾನ, ಗೋಡೆಗೆ ಅಂಟಿಸುವ ಫೋಮ್ ಇವೆಲ್ಲ ತಾರದ, ಅಂದರೆ ಮೇಲಿನ ಸ್ವರಗಳ ಕಡೆಯ ಚುರುಕು ತಗ್ಗಿಸುತ್ತವೆ. ವಿಟ್ರಿಫೈಡ್ ಟೈಲ್ಸ್ ಹಾಕಿದ ಮನೆಗೆ ಅದೂ ಬೇಕು ಅನ್ನಿ. ಮಂದ್ರದ ಗುಂಗಿಗೆ ಮಾತ್ರ ಇವು ಲೆಕ್ಕಕ್ಕೇ ಇಲ್ಲ. ಅದಕ್ಕೆ ಹಾಸಿಗೆಯಷ್ಟು ದಪ್ಪದ ಸಾಮಾನನ್ನು ಮೂಲೆಮೂಲೆಗೆ ನಿಲ್ಲಿಸಬೇಕು. ಒಂದು ಬಿಎಚ್‌ಕೆಯಲ್ಲಿ ಖಾಲಿ ಮೂಲೆ ಎಲ್ಲಿಂದ ತರುತ್ತೀರಿ?

ಹೆಡ್‌ಫೋನಿಗೆ ಈ ತಾಪತ್ರಯವೇ ಇಲ್ಲ. ಸ್ಪೀಕರ್ ಜೋಡಿ, ಆಂಪ್ಲಿಫೈಯರ್, ಸ್ಟ್ಯಾಂಡ್, ವೈರ್ ಅಂತ 40 ಸಾವಿರ ಹಂಚಿಹೋದರೆ ಎಲ್ಲವೂ ಸಾಧಾರಣದ್ದೇ ಬರುತ್ತದೆ. ಅದೇ ದುಡ್ಡನ್ನು ಹೆಡ್‌ಫೋನಿಗೆ ಹಾಕಿದರೆ ಗಾಯಕರು ಉಸಿರೆಳೆದುಕೊಳ್ಳುವುದು, ತಂಬೂರಿಯ ಜವಾರಿ ಅನ್ನುವ ಝೇಂಕಾರ ಎಲ್ಲವೂ ಬಿಡಿಬಿಡಿಯಾಗಿ ಸಿಗುತ್ತದೆ.

ಕೊರತೆಯನ್ನೂ ಹೇಳಬೇಕಲ್ವಾ? ಸ್ಪೀಕರಿನಲ್ಲಿ ಎಡಗಡೆಯ ಸದ್ದು ಎಡಕಿವಿಗೆ ಬಂದು, ಮಿಲಿಸೆಕೆಂಡಿನ ಕಾಲು ಭಾಗದಷ್ಟು ತಡವಾಗಿ ಬಲಕಿವಿಗೂ ಮುಟ್ಟುತ್ತದೆ. ಈ ತಡವನ್ನು ಹಿಡಿದೇ ಮಿದುಳು ಗಾಯಕರನ್ನು ನಿಮ್ಮೆದುರು ಕೂರಿಸುವುದು. ಹೆಡ್‌ಫೋನಿನಲ್ಲಿ ಎಡದ್ದು ಎಡಕ್ಕೇ, ಬಲದ್ದು ಬಲಕ್ಕೇ. ಹಾಗಾಗಿ ಗಾಯಕರು ನಿಮ್ಮ ತಲೆಯೊಳಗೆ ಕೂತು ಹಾಡಿದ ಹಾಗೆ ಆಗುತ್ತದೆ. ಕೆಲವು ಹಳೆಯ ಸ್ಟೀರಿಯೋ ಎಲ್‌ಪಿ ತಟ್ಟೆಗಳಲ್ಲಿ ತಬಲಾವನ್ನು ಪೂರಾ ಒಂದು ಬದಿಗೆ ತಳ್ಳಿರುತ್ತಾರೆ, ಆಗ ಆ ಬದಿಯ ಕಿವಿ ಬೇಗ ದಣಿಯುತ್ತದೆ. ಕೆಲವು ಪ್ಲೇಯರ್ ಆ್ಯಪ್‌ಗಳಲ್ಲಿ ಕ್ರಾಸ್‌ಫೀಡ್ ಅನ್ನುವ ಆಯ್ಕೆ ಇದೆ. ಎಡದ ಸದ್ದನ್ನು ಚೂರು ಬಲಕ್ಕೆ, ಬಲದ್ದನ್ನು ಚೂರು ಎಡಕ್ಕೆ ಬೆರೆಸುತ್ತದೆ. ಹಾಕಿ ನೋಡಿ, ತಲೆಯೊಳಗಿನ ಗದ್ದಲ ಸ್ವಲ್ಪ ಸಡಿಲವಾಗುತ್ತದೆ.

ಯಾವುದು ತಗೊಳ್ಳುವುದು? ಮನೆಯಲ್ಲಿ ಒಬ್ಬರೇ ಕೂತು ಕೇಳುವವರಿಗೆ ಓಪನ್ ಬ್ಯಾಕ್, ಅಂದರೆ ಬಟ್ಟಲಿನ ಬೆನ್ನಿಗೆ ಜಾಲರಿ ಇರುವಂಥದ್ದು. ಸದ್ದು ಬಿಚ್ಚಿಕೊಂಡು ಕೇಳುತ್ತದೆ, ಕಿವಿ ಬೆವರುವುದೂ ಕಡಿಮೆ. ಮೇ ತಿಂಗಳ ಡೊಂಬಿವಲಿಯಲ್ಲಿ ಅದೇನು ಸಣ್ಣ ವಿಷಯವಲ್ಲ. ಸೆನ್‌ಹೈಸರ್ ಎಚ್‌ಡಿ 600 ಬಂದದ್ದು 1997ರಲ್ಲಿ. ಇವತ್ತಿಗೂ ಗಾಯನ ಕೇಳುವವರಿಗೆ ನಾನು ಮೊದಲು ಹೇಳುವ ಹೆಸರು ಅದೇ. ಆದರೆ ಅದರ ಇಂಪಿಡೆನ್ಸ್, ಅಂದರೆ ವಿದ್ಯುತ್ತಿಗೆ ಒಡ್ಡುವ ತಡೆ, 300 ಓಮ್. ಫೋನಿಗೆ ನೇರವಾಗಿ ಚುಚ್ಚಿದರೆ ಉಸಿರು ಸಾಲದು, ಹೆಡ್‌ಫೋನ್ ಆಂಪ್ಲಿಫೈಯರ್ ಬೇಕು. ಆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಿ. ಆ ಉಸಾಬರಿ ಬೇಡ ಅಂದರೆ 32 ಓಮ್ ಆಸುಪಾಸಿನದನ್ನು ನೋಡಿ, ಫೋನಿಗೆ ಸಿಕ್ಕಿಸುವ ಸಣ್ಣ ಡಾಂಗಲ್ ಸಾಕು. ಊರಿನಿಂದ ನೆಂಟರು ಬಂದು ಹಾಲ್‌ನಲ್ಲೇ ಮಲಗುವುದು ಜಾಸ್ತಿ ಅಂತಾದರೆ ಓಪನ್ ಬ್ಯಾಕ್ ಬೇಡ, ಅದರ ಸದ್ದು ಹೊರಗೂ ಕೇಳುತ್ತದೆ. ಸೋನಿ ಎಂಡಿಆರ್-7506 ಥರದ ಮುಚ್ಚಿದ ಬೆನ್ನಿನದು ಒಳ್ಳೆಯದು. ಸ್ಟುಡಿಯೋದವರು 1991ರಿಂದ ಬಳಸುತ್ತಿರುವ ಮಾಲು ಅದು.

ಅಂಗಡಿಗೆ ಹೋಗುವಾಗ ನಿಮಗೆ ಬಾಯಿಪಾಠ ಬರುವಷ್ಟು ಕೇಳಿದ ಹಾಡನ್ನೇ ಒಯ್ಯಿರಿ. ಅವರು ಹಾಕುವ ಡೆಮೋ ಹಾಡು ಎಲ್ಲದರಲ್ಲೂ ಚೆನ್ನಾಗಿಯೇ ಕೇಳುತ್ತದೆ. ಎರಡನ್ನು ಹೋಲಿಸುವಾಗ ವಾಲ್ಯೂಮ್ ಒಂದೇ ಮಟ್ಟಕ್ಕೆ ತನ್ನಿ. ಒಂದು ಡೆಸಿಬೆಲ್ ಜೋರಿದ್ದರೂ ಸಾಕು, ಅದೇ ಉತ್ತಮ ಅಂತ ಕಿವಿ ಒಪ್ಪಿಬಿಡುತ್ತದೆ.

ಓಪನ್ ಬ್ಯಾಕನ್ನು ಲೋಕಲ್‌ಗೆ ಒಯ್ಯಬೇಡಿ. ಗಾಡಿಯ ಗದ್ದಲ ಮೀರಿಸಲು ವಾಲ್ಯೂಮ್ ಏರಿಸುತ್ತೀರಿ, ಕಿವಿ ಕೆಡುವುದು ಅಲ್ಲೇ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮೂರು ಡೆಸಿಬೆಲ್ ಏರಿದಾಗೆಲ್ಲ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 89 ಡೆಸಿಬೆಲ್‌ಗೆ ಸಿಗುವುದು ವಾರಕ್ಕೆ ಐದೇ ಗಂಟೆ. ನಿಮ್ಮ ರಾತ್ರಿಯ ಒಂದೂವರೆ ಗಂಟೆಯಲ್ಲೇ ಅದು ನಾಲ್ಕು ದಿನಕ್ಕೆ ಮುಗಿದುಹೋಯಿತು.

ಪ್ರಶ್ನೆ: ಪುಣೆಯ ಸಿಂಹಗಡ ರಸ್ತೆಯಲ್ಲಿ ನಮ್ಮ ಮನೆ. ಮಾವನವರಿಗೆ 78 ವರ್ಷ, ಗದಗಿನ ಕಡೆಯವರು. ಬೆಳಿಗ್ಗೆ ಫೋನಿನಲ್ಲಿ ಧಾರವಾಡ ಆಕಾಶವಾಣಿ, ಸಂಜೆ ಸವಾಯಿ ಗಂಧರ್ವ, ಗಂಗೂಬಾಯಿ ಹಾನಗಲ್ ಅವರ ಹಳೆಯ ರೆಕಾರ್ಡಿಂಗ್. ಹಿಯರಿಂಗ್ ಏಡ್ ಹಾಕುತ್ತಾರೆ. ಅಜ್ಜನಿಗೆ ದುಬಾರಿ ಹೆಡ್‌ಫೋನ್ ಕೊಡಿಸೋಣ ಅಂತ ಮಗ ಹಟ ಹಿಡಿದಿದ್ದಾನೆ.

ಉತ್ತರ: ಮಗನ ಪ್ರೀತಿ ದೊಡ್ಡದು, ಆದರೆ ಹೆಡ್‌ಫೋನ್ ಬೇಡ. ಹಿಯರಿಂಗ್ ಏಡ್ ಮೇಲೆ ಬಟ್ಟಲು ಮುಚ್ಚಿದರೆ ಅದು ಸಿಳ್ಳೆ ಹಾಕತೊಡಗುತ್ತದೆ. ಏಡ್ ತೆಗೆದು ಕೇಳಿದರೆ ವಾಲ್ಯೂಮ್ ಏರುತ್ತದೆ, ಉಳಿದಿರುವ ಶ್ರವಣಕ್ಕೂ ಪೆಟ್ಟು.

ಅವರಿಗೆ ಸ್ಪೀಕರ್ ತನ್ನಿ. ಅದೂ ಒಂದೇ ಒಂದು. ಅಜ್ಜ ಕೇಳುವ ಹಳೆಯ ರೆಕಾರ್ಡಿಂಗುಗಳ ಮೂಲವಾದ, ನಿಮಿಷಕ್ಕೆ 78 ಸುತ್ತು ತಿರುಗುವ (78 ಆರ್‌ಪಿಎಂ) ತಟ್ಟೆಗಳು ಮೋನೋ. ಎಡ ಬಲ ಅಂತ ಇಲ್ಲವೇ ಇಲ್ಲ. ಮೋನೋ ಹಾಡು ಒಂದೇ ಪೆಟ್ಟಿಗೆಯಿಂದ ಬಂದರೆ ಕಂಠ ಒಂದು ಜಾಗದಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ. ಎರಡು ಸಾಧಾರಣ ಸ್ಪೀಕರಿನ ದುಡ್ಡಿಗೆ ಒಂದು ಒಳ್ಳೆಯದು ಬಂತು. ಐದಿಂಚಿನ ಕೋನ್ ಇರುವ, ಆಂಪ್ಲಿಫೈಯರ್ ಒಳಗೇ ಇರುವ, ಸ್ಟುಡಿಯೋ ಮಾನಿಟರ್ ಅನ್ನುವ ಸ್ಪೀಕರ್ ನೋಡಿ. ಆ ತಟ್ಟೆಗಳಲ್ಲಿ ಆಳದ ಮಂದ್ರ ರೆಕಾರ್ಡ್ ಆಗಿರುವುದೇ ಕಡಿಮೆ, ಮಂದ್ರಕ್ಕೆಂದೇ ಇಡುವ ಸಬ್‌ವೂಫರ್ ದಂಡ.

ಇಡುವ ಜಾಗವೇ ಮುಖ್ಯ. ಶೋಕೇಸಿನೊಳಗೆ, ಗೋದ್ರೇಜ್ ಕಪಾಟಿನ ಮೇಲೆ ಇಡಬೇಡಿ. ಮಾವನವರ ಕುರ್ಚಿಯಿಂದ ಮೂರು ನಾಲ್ಕು ಅಡಿ ದೂರದಲ್ಲಿ, ತಾರದ ಸದ್ದು ಹೊರಡುವ ಟ್ವೀಟರ್ ಅವರ ಕಿವಿಯ ಎತ್ತರಕ್ಕೆ ಬರುವಂತೆ, ಮುಖ ಅವರ ಕಡೆಗೆ. ದೂರ ಅರ್ಧವಾದರೆ ನೇರ ಬರುವ ಸದ್ದು ಆರು ಡೆಸಿಬೆಲ್ ಏರುತ್ತದೆ. ಗೋಡೆಗೆ ಬಡಿದು ಬರುವ ಪಾಲು ಅಷ್ಟೇ ಇರುತ್ತದೆ. ವಾಲ್ಯೂಮ್ ಮುಟ್ಟದೆಯೇ ಮಾತು ಸ್ಪಷ್ಟವಾಗುತ್ತದೆ. ಇನ್ನೊಂದು: ಅನೇಕ ಹಿಯರಿಂಗ್ ಏಡ್‌ಗಳಲ್ಲಿ ಸಂಗೀತಕ್ಕೆಂದೇ ಬೇರೆ ಪ್ರೋಗ್ರಾಂ ಇರುತ್ತದೆ. ಮಾತಿಗೆ ಹೊಂದಿಸಿದ ಸೆಟ್ಟಿಂಗ್ ತಂಬೂರಿಯನ್ನು ಗದ್ದಲ ಅಂತ ಭಾವಿಸಿ ಒತ್ತಿಬಿಡುತ್ತದೆ. ಆಡಿಯಾಲಜಿಸ್ಟ್ ಹತ್ತಿರ ಕೇಳಿ ಹಾಕಿಸಿ. ಸ್ಪೀಕರಿಗಿಂತ ಮೊದಲು ಮಾಡಬೇಕಾದ ಕೆಲಸ ಇದು.

ಮತ್ತೆ, ಭೀಮಸೇನ ಜೋಶಿಯವರು 1953ರಲ್ಲಿ ಗುರು ಸವಾಯಿ ಗಂಧರ್ವರ ಹೆಸರಲ್ಲಿ ಶುರು ಮಾಡಿದ ಉತ್ಸವದ ಊರು ನಿಮ್ಮದು. ಅಲ್ಲಿ ನಾಲ್ಕು ಜನರ ನಡುವೆ ಕೂತು ತಲೆದೂಗಿದವರಿಗೆ ಒಬ್ಬರೇ ಕಿವಿ ಮುಚ್ಚಿಕೊಂಡು ಕೇಳುವುದು ರುಚಿಸುವುದೂ ಅನುಮಾನ.

ಪ್ರಶ್ನೆ: ಬ್ಲೂಟೂತ್‌ನಲ್ಲಿ ಕೇಳಿದರೆ ಗುಣಮಟ್ಟ ನಿಜಕ್ಕೂ ಹೋಗುತ್ತದಾ? (ಮಾಟುಂಗಾದಿಂದ)

ಉತ್ತರ: ಲೆಕ್ಕದಲ್ಲಿ ಹೋಗುತ್ತದೆ. ಸಿಡಿಯ ದರ ಸೆಕೆಂಡಿಗೆ 1,411 ಕಿಲೋಬಿಟ್. ಬ್ಲೂಟೂತ್ ಸದ್ದನ್ನು ಕುಗ್ಗಿಸಿ ಕಳಿಸುವ ವಿಧಾನಗಳಲ್ಲಿ ಎಲ್‌ಡ್ಯಾಕ್ ಗರಿಷ್ಠ 990, ಎಎಸಿ ಸಾಮಾನ್ಯವಾಗಿ 256ರ ಸುತ್ತ. ಐಫೋನಿನಲ್ಲಿ ಎಲ್‌ಡ್ಯಾಕ್ ಇಲ್ಲ. ಆದರೆ ಮುಂಬೈಯ ಬೆಸ್ಟ್ ಸಂಸ್ಥೆಯ ಬಸ್ಸಿನಲ್ಲಿ ಕೂತು ಈ ವ್ಯತ್ಯಾಸ ಹುಡುಕುವುದು ಸುಮ್ನೆ. ಅಲ್ಲಿ ಇಯರ್‌ಬಡ್‌ನ ರಬ್ಬರ್ ತುದಿ ಕಿವಿಗೆ ಸರಿಯಾಗಿ ಕೂತಿದೆಯೇ ನೋಡಿಕೊಳ್ಳಿ, ಚೂರು ಸಂದಿ ಇದ್ದರೂ ಬಾಸ್ ಅರ್ಧ ಸೋರುತ್ತದೆ. ಮನೆಯಲ್ಲಿ ಕೂತು ಕೇಳುವಾಗ ವೈರ್ ಹಾಕಿ.

ಪ್ರಶ್ನೆ: ನಾವು ವಾಸ್ಕೋದಲ್ಲಿದ್ದೇವೆ. ಹೆಡ್‌ಫೋನಿನ ಕುಶನ್ ಎರಡು ಮಳೆಗಾಲಕ್ಕೇ ಸಿಪ್ಪೆ ಎದ್ದಿತು. ಹಳೆಯ ಸ್ಪೀಕರಿನ ಅಂಚು ಪುಡಿಪುಡಿಯಾಗಿದೆ. ಗೋವಾದ ಹವೆಗೆ ಯಾವುದು ತಾಳುತ್ತದೆ?

ಉತ್ತರ: ಎರಡೂ ತಾಳುತ್ತವೆ, ಸಾಮಗ್ರಿ ನೋಡಿ ಕೊಳ್ಳಬೇಕು. ಸಿಪ್ಪೆ ಎದ್ದದ್ದು ಪಾಲಿಯುರೆಥೇನ್ ಹಚ್ಚಿದ ನಕಲಿ ಚರ್ಮ. ತೇವ, ಬೆವರು ತಗುಲಿದರೆ ಅದು ಒಡೆಯುತ್ತದೆ. ಬಟ್ಟೆಯ ಅಥವಾ ಮಖಮಲ್ಲಿನಂಥ ವೆಲೋರ್ ಕುಶನ್ ಇರುವ, ಬೇಕಾದಾಗ ಕುಶನ್ ಬದಲಿಸಬಹುದಾದ ಮಾಡೆಲ್ ತಗೊಳ್ಳಿ. ಸ್ಪೀಕರಿನಲ್ಲಿ ಪುಡಿಯಾದದ್ದು ಫೋಮ್ ಅಂಚು. ಹೊಸದು ಕೊಳ್ಳುವುದಾದರೆ ರಬ್ಬರ್ ಅಂಚಿನದು ಕೇಳಿ. ಹಳೆಯದರ ಕೋನ್ ಚೆನ್ನಾಗಿದ್ದರೆ ಬಿಸಾಡಬೇಡಿ, ಅಂಚನ್ನಷ್ಟೇ ಹೊಸದಾಗಿ ಅಂಟಿಸಿಕೊಡುವ ರಿಪೇರಿಯವರು ಇದ್ದಾರೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಹೆಡ್‌ಫೋನನ್ನು ಮುಚ್ಚಳವಿರುವ ಡಬ್ಬದಲ್ಲಿ ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಇಡಿ, ಆದರೆ ಬೆವರು ಆರುವ ಮೊದಲು ಮುಚ್ಚಬೇಡಿ. ಸ್ಪೀಕರನ್ನು ಸಮುದ್ರದ ಗಾಳಿ ನೇರ ಬೀಸುವ ಕಿಟಕಿಯಿಂದ ದೂರ ಸರಿಸಿ. ಉಪ್ಪುಗಾಳಿಗೆ ಹಿಂಬದಿಯ ವೈರಿನ ತುದಿ ಕಪ್ಪಾಗಿದ್ದರೆ ಆ ತುದಿಯನ್ನು ಕತ್ತರಿಸಿ, ಹೊಸ ತಾಮ್ರ ಕಾಣುವಂತೆ ಹೆರೆದು ಮತ್ತೆ ಬಿಗಿಯಿರಿ.