ಓದುಗರ ಪ್ರಶ್ನೆ: ನಲ್ಲಿಯ ಮೊದಲ ನೀರೇಕೆ ನಾರುತ್ತದೆ?

ಪ್ರಶ್ನೆ: ಶಿವಮೊಗ್ಗದ ಹಳೆಯ ಬಡಾವಣೆಯೊಂದರಲ್ಲಿ ನಮ್ಮ ಮನೆಯಿದೆ. ಮಳೆಗಾಲ ಆರಂಭವಾದಾಗಿನಿಂದ ಬೆಳಿಗ್ಗೆ ನೀರು ಬಿಟ್ಟ ಕೂಡಲೇ ನಲ್ಲಿಯಲ್ಲಿ ಕೊಳಚೆ ವಾಸನೆ ಬರುತ್ತದೆ. ಸ್ವಲ್ಪ ಹೊತ್ತಿನ ಮೇಲೆ ನೀರು ತಿಳಿಯಾಗುತ್ತದೆ. ಬೀದಿಯ ಮ್ಯಾನ್‌ಹೋಲ್ ಕೂಡ ಆಗಾಗ ಉಕ್ಕುತ್ತದೆ. ಎಲ್ಲರೂ ಸಹಿ ಹಾಕಿ ಮನವಿ ಕೊಟ್ಟೆವು. ನೀರಿನವರು ಒಳಚರಂಡಿಯವರತ್ತ, ಒಳಚರಂಡಿಯವರು ನೀರಿನವರತ್ತ ಕೈ ತೋರಿಸುತ್ತಾರೆ. ಮುಂದೇನು ಮಾಡಬೇಕು?

ಉತ್ತರ: ಮೊದಲು ಬರುವ ನೀರು ಮಾತ್ರ ನಾರುತ್ತದೆ ಎಂದರೆ, ದೋಷ ತುಂಗೆಯ ನೀರನ್ನು ಶುದ್ಧೀಕರಿಸುವಲ್ಲಿ ಅಲ್ಲ, ಬಹುಮಟ್ಟಿಗೆ ನಿಮ್ಮ ಬೀದಿಯ ಆಸುಪಾಸಿನ ಕೊಳವೆಯಲ್ಲಿದೆ. ನೀರು ಹರಿಯುತ್ತಿರುವಾಗ ಒಳಗಿನ ಒತ್ತಡ ಹೊರಗಿನ ಕೊಳೆಯನ್ನು ತಡೆಯುತ್ತದೆ. ನೀರು ನಿಲ್ಲಿಸಿದ ಮೇಲೆ ಒತ್ತಡ ಇಳಿದು, ಸಡಿಲಗೊಂಡ ಜೋಡಣೆ ಅಥವಾ ತುಕ್ಕು ತಿಂದ ಮನೆ ಸಂಪರ್ಕದ ಪೈಪಿನ ಮೂಲಕ ಸುತ್ತಲ ಮಣ್ಣಿನ ನೀರು ಒಳಕ್ಕೆ ಜಿನುಗುತ್ತದೆ. ಹತ್ತಿರದಲ್ಲೇ ಒಳಚರಂಡಿ ಸೋರುತ್ತಿದ್ದರೆ ಒಳಸೇರುವುದು ಕೊಳಚೆಯೇ. ನೆಲವೆಲ್ಲ ನೆನೆದಿರುವ ಮಳೆಗಾಲದಲ್ಲಿ ಇದು ಹೆಚ್ಚು. ಮಾಡಿನ ನೀರನ್ನು ಒಳಚರಂಡಿಗೇ ಬಿಟ್ಟಿರುವ ಮನೆಗಳಿಂದಲೂ ಮ್ಯಾನ್‌ಹೋಲ್ ಉಕ್ಕುತ್ತದೆ. ಸಹಿ ಹಾಕಿದವರಲ್ಲೇ ಅಂಥವರು ಇದ್ದಾರು, ವಿಚಾರಿಸಿ.

‘ಗಂಗಾ ಸ್ನಾನ, ತುಂಗಾ ಪಾನ’ ಎಂದು ಮನವಿ ಆರಂಭಿಸುವ ರೂಢಿ ನಮ್ಮಲ್ಲಿದೆ. ಅದರಿಂದ ಪೈಪು ದುರಸ್ತಿಯಾಗದು. ಎರಡೂ ವಿಭಾಗದ ಎಂಜಿನಿಯರುಗಳು ನೀರು ಬಿಡುವ ಹೊತ್ತಿಗೇ ಒಟ್ಟಿಗೆ ಬಂದು ಜಂಟಿ ಪರಿಶೀಲನೆ ನಡೆಸಬೇಕೆಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಮುದ್ರೆ ಪಡೆಯಿರಿ. ಯಾವ ಮನೆಯಿಂದ ಯಾವ ಮನೆಯವರೆಗೆ ವಾಸನೆ ಬಂತು, ಎಷ್ಟು ಹೊತ್ತಿಗೆ ನೀರು ತಿಳಿಯಾಯಿತು ಎಂಬುದನ್ನು ಒಂದು ವಾರ ಬರೆದಿಟ್ಟು ಲಗತ್ತಿಸಿದರೆ, ಎಲ್ಲಿ ಅಗೆಯಬೇಕೆಂಬುದು ಅವರಿಗೂ ಗೊತ್ತಾಗುತ್ತದೆ.

ನೀರಿನ ಪರೀಕ್ಷೆಯಲ್ಲಿ ಒಂದು ತೊಡಕಿದೆ. ನಲ್ಲಿಯನ್ನು ಕೆಲವು ನಿಮಿಷ ಹರಿಯಬಿಟ್ಟು ಮಾದರಿ ತೆಗೆಯುವುದು ವಾಡಿಕೆ. ನಿಮ್ಮಲ್ಲಿ ಅಷ್ಟರೊಳಗೆ ಸಾಕ್ಷ್ಯವೇ ಹರಿದುಹೋಗಿರುತ್ತದೆ, ವರದಿಯಲ್ಲಿ ನೀರು ಚೆನ್ನಾಗಿದೆ ಎಂದೇ ಬರುತ್ತದೆ. ಆದ್ದರಿಂದ ಮೊದಲ ನೀರಿನದೊಂದು, ತಿಳಿಯಾದ ಮೇಲಿನದೊಂದು ಎಂದು ಎರಡು ಮಾದರಿ ತೆಗೆಯಬೇಕೆಂದು ಪಟ್ಟು ಹಿಡಿಯಿರಿ. ಬಾಟಲಿ ಪ್ರಯೋಗಾಲಯದವರೇ ಕೊಟ್ಟದ್ದಾಗಿರಬೇಕು, ತಂಪಾಗಿಟ್ಟು ಅಂದೇ ತಲುಪಿಸಬೇಕು. ಕುಡಿಯುವ ನೀರಿನ ಭಾರತೀಯ ಮಾನಕ ಐಎಸ್ 10500ರ ಪ್ರಕಾರ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಉಳಿಕೆ ಕ್ಲೋರಿನ್ (ಶುದ್ಧೀಕರಣಕ್ಕೆ ಬೆರೆಸಿದ್ದರಲ್ಲಿ ನೀರಿನಲ್ಲೇ ಉಳಿದದ್ದು) ಇರಬೇಕು. 100 ಮಿಲಿಲೀಟರಿನಲ್ಲಿ, ಮಲ ಬೆರೆತದ್ದರ ಗುರುತಾದ ಇ. ಕೋಲಿ ಬ್ಯಾಕ್ಟೀರಿಯಾ ಕಾಣಿಸಲೇಬಾರದು.

ಉತ್ತರ ಬಾರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯನ್ನು ಬಳಸಿ. ಕಡತದ ಪ್ರತಿ ಕೇಳುವುದಷ್ಟೇ ಆ ಹಕ್ಕು ಎಂದು ಹಲವರು ತಿಳಿದಿದ್ದಾರೆ. ಕಾಮಗಾರಿಯನ್ನು ಕಣ್ಣಾರೆ ಪರಿಶೀಲಿಸುವುದೂ, ಬಳಸಿದ ಸಾಮಗ್ರಿಯ ದೃಢೀಕೃತ ಮಾದರಿ ಪಡೆಯುವುದೂ ಅದರೊಳಗೆ ಸೇರಿವೆ. ಸಾಮಾನ್ಯವಾಗಿ 30 ದಿನಗಳೊಳಗೆ ಉತ್ತರ ಕೊಡಬೇಕು.

ಅಲ್ಲಿಯವರೆಗೆ ಮೊದಲ ನೀರನ್ನು ನೆಲದಡಿಯ ಸಂಪ್ ತೊಟ್ಟಿಗೆ ಬಿಡಬೇಡಿ, ಕುಡಿಯುವ ನೀರನ್ನು ಕುದಿಸಿಯೇ ಬಳಸಿ. ಮ್ಯಾನ್‌ಹೋಲ್ ಕಟ್ಟಿಕೊಂಡಿತೆಂದು ದುಡ್ಡು ಕೊಟ್ಟು ಯಾರನ್ನೂ ಒಳಗಿಳಿಸಬೇಡಿ. ಅದು ಪ್ರಾಣಕ್ಕೆ ಅಪಾಯ, ಮಲ ಹೊರುವ ಪದ್ಧತಿಯನ್ನು ನಿಷೇಧಿಸುವ 2013ರ ಕಾಯ್ದೆಯಡಿ ಅಪರಾಧವೂ ಹೌದು, ಅದಕ್ಕೆ ಯಂತ್ರವನ್ನೇ ತರಿಸಬೇಕು. ದುರಸ್ತಿಯಾದ ಮೇಲೆ, ಗುಂಡಿ ಮುಚ್ಚಿ ಡಾಂಬರು ಹಾಕುವ ಮುನ್ನವೇ, ಮತ್ತೊಮ್ಮೆ ಮೊದಲ ನೀರಿನ ಮಾದರಿ ತೆಗೆಸಿ.