ಮಗಳ ಜೊತೆ ಮೊಮ್ಮಗನೂ ಹೋಗಬಹುದೆ?

ಪ್ರಶ್ನೆ: ಮಗಳು ಅಮೆರಿಕದ ಪೌರನನ್ನು ಮದುವೆಯಾಗಿದ್ದಾಳೆ. ಮೊದಲ ಮದುವೆಯ 9 ವರ್ಷದ ಮಗನಿದ್ದಾನೆ. ಇಬ್ಬರೂ ಅಲ್ಲಿಗೆ ಹೋಗಿ ನೆಲೆಸಲು ಅರ್ಜಿ ಒಂದೇ ಸಾಕೆ? ನಮ್ಮದು ಪುರೋಹಿತರಿಲ್ಲದ ಕೊಡವ ಮದುವೆ, ಸಾಕ್ಷ್ಯ ಏನು ಕೊಡಬೇಕು?
– ವಿರಾಜಪೇಟೆಯ ಓದುಗರು

ಉತ್ತರ: ಸಾಲದು. ಅಳಿಯ ಪೌರನಾದ್ದರಿಂದ ಹೆಂಡತಿಯ ಅರ್ಜಿಯೊಳಗೆ ಮಗು ತಾನಾಗಿ ಸೇರುವುದಿಲ್ಲ. ಸಂಬಂಧಿಕರನ್ನು ಕರೆಸಿಕೊಳ್ಳುವ ಅರ್ಜಿಯಾದ ಐ-130 ಇಬ್ಬರಿಗೂ ಬೇರೆ ಬೇರೆ, ಶುಲ್ಕವೂ ಬೇರೆ, ಆರ್ಥಿಕ ಹೊಣೆಯ ಐ-864 ಕೂಡ ಬೇರೆ. (ಗ್ರೀನ್ ಕಾರ್ಡ್ ಮಾತ್ರ ಇರುವವರು ಹೆಂಡತಿಗೆ ಅರ್ಜಿ ಹಾಕಿದರೆ ಮಗು ಅದರಲ್ಲೇ ಬರುತ್ತದೆ. ಬಹಳ ಮಂದಿ ಎಡವುವುದು ಈ ವ್ಯತ್ಯಾಸದಲ್ಲೇ.) ಮಗುವಿಗೆ 18 ತುಂಬುವ ಮೊದಲೇ ತಾಯಿಯ ಈ ಮದುವೆ ಆಗಿರಬೇಕು, ನಿಮ್ಮಲ್ಲಿ ಆ ಚಿಂತೆಯಿಲ್ಲ. ಹಿಂದಿನ ಮದುವೆಯ ವಿಚ್ಛೇದನದ ಡಿಕ್ರಿ, ಮಗುವಿನ ಪಾಲನೆಯ ಆದೇಶ ಅಥವಾ ತಂದೆಯ ಒಪ್ಪಿಗೆಪತ್ರ ಈಗಲೇ ಹೊಂದಿಸಿಕೊಳ್ಳಿ.

ಮದುವೆಯ ರೀತಿಯ ಬಗ್ಗೆ ಅಂಜಬೇಡಿ. ಉಪನೋಂದಣಾಧಿಕಾರಿ ಕಚೇರಿಯ ವಿವಾಹ ನೋಂದಣಿ ಪತ್ರವೇ ಮುಖ್ಯ. ಲಗ್ನಪತ್ರಿಕೆ, ಫೋಟೋ, ವಯಸ್ಸು ಹಾಗೂ ವಿಳಾಸದ ದಾಖಲೆ, ಸಾಕ್ಷಿಗಳೊಂದಿಗೆ ಹೋಗಿ ಮಾಡಿಸಿ.

ನಿಜವಾದ ತಲೆನೋವು ಹೆಸರಿನದು. ಆಧಾರ್‌ನಲ್ಲಿ ಒಕ್ಕದ (ಮನೆತನದ) ಹೆಸರು ಮೊದಲು, ಪಾಸ್‌ಪೋರ್ಟ್‌ನಲ್ಲಿ ಕೊನೆಗೆ, ಜನನ ಪತ್ರದಲ್ಲಿ ಇಲ್ಲವೇ ಇಲ್ಲ! ಪಾಸ್‌ಪೋರ್ಟನ್ನೇ ಮಾದರಿ ಮಾಡಿಕೊಂಡು ಉಳಿದುದನ್ನು ತಿದ್ದಿಸಿ, ಆಗದಿದ್ದರೆ ಅಫಿಡವಿಟ್.

ಐ-130 ಮಂಜೂರಾದ ಮೇಲೆ ವಲಸೆ ವೀಸಾದ ಅರ್ಜಿ ಡಿಎಸ್-260, ಪೊಲೀಸ್ ಕ್ಲಿಯರೆನ್ಸ್, ವೈದ್ಯಕೀಯ ಪರೀಕ್ಷೆ, ಸಂದರ್ಶನ. ಅಳಿಯನ ಆದಾಯ ಸಾಮಾನ್ಯವಾಗಿ ಅಮೆರಿಕ ಸರ್ಕಾರದ ಬಡತನ ಮಿತಿಯ 125% ದಾಟಬೇಕು, ಮನೆಮಂದಿಯ ಎಣಿಕೆಯಲ್ಲಿ ತಾಯಿ-ಮಗ ಇಬ್ಬರೂ ಸೇರುತ್ತಾರೆ. ಅಲ್ಲಿಗೆ ಕಾಲಿಡುವಾಗ ಮದುವೆಗೆ 2 ವರ್ಷ ತುಂಬಿರದಿದ್ದರೆ ಸಿಗುವುದು 2 ವರ್ಷದ ಷರತ್ತಿನ ಗ್ರೀನ್ ಕಾರ್ಡು. ಅದರ ಅವಧಿ ಮುಗಿಯುವ ಹಿಂದಿನ 90 ದಿನಗಳೊಳಗೆ ಷರತ್ತು ತೆಗೆಸುವ ಅರ್ಜಿ ಐ-751 ಸಲ್ಲಿಸಬೇಕು.