ರಿಮ್‌ಲೆಸ್ ಟ್ಯಾಂಕ್: ಈ ಭಾನುವಾರ ಗಿಡ ಹಾಕಿ, ಮೀನು ಆಮೇಲೆ

ಒಂದೂವರೆ ಅಡಿಯ ರಿಮ್‌ಲೆಸ್ ಟ್ಯಾಂಕ್, ಅಂದರೆ ಮೇಲಂಚಿಗೆ ಚೌಕಟ್ಟಿಲ್ಲದ ಮೀನಿನ ತೊಟ್ಟಿ, ತಂದಿದ್ದೀರಿ. ನಿಜವಾದ ಗಿಡ ಬೆಳೆಸುವ ಆಸೆ, ಕಾರ್ಬನ್ ಡೈಆಕ್ಸೈಡ್ ಸಿಲಿಂಡರಿನ ಗೋಜು ಬೇಡ, ಈ ಭಾನುವಾರವೇ ಮೀನು ಬಿಡಬಹುದಾ ಅಂತ ಕೇಳಿದ್ದೀರಿ. ಸಿಲಿಂಡರ್ ಇಲ್ಲದೆಯೂ ಗಿಡ ಚೆನ್ನಾಗಿ ಬರುತ್ತದೆ. ಆದರೆ ಈ ಭಾನುವಾರ ಮೀನು ದಯವಿಟ್ಟು ಬೇಡ. ಐದಾರು ವಾರ ಕಾಯಿರಿ. ಕಾರಣ ಆಮೇಲೆ ಹೇಳುತ್ತೇನೆ. ಅದಕ್ಕೂ ಮೊದಲು, ನೀರು ತುಂಬಿದ ಮೇಲೆ ಸರಿಮಾಡಲು ಆಗದ ಒಂದು ವಿಷಯವಿದೆ.

ಇಂಥ ಟ್ಯಾಂಕಿಗೆ ಸಾಮಾನ್ಯವಾಗಿ ಕೆಳಗೂ ಚೌಕಟ್ಟು ಇರುವುದಿಲ್ಲ. ತಳದ ಗಾಜೇ ಮೇಜಿನ ಮೇಲೆ ಕೂರುತ್ತದೆ. 45 ಸೆಂ.ಮೀ. ಉದ್ದ, 30 ಅಗಲ, 30 ಎತ್ತರ ಅಂದರೆ ಸುಮಾರು 40 ಲೀಟರ್. ನೀರೇ 40 ಕೆ.ಜಿ., ಕಲ್ಲು, ಮಣ್ಣು, ಗಾಜು ಸೇರಿದರೆ 50 ದಾಟುತ್ತದೆ. ಗಾಜಿನಡಿ ಒಂದು ಸಣ್ಣ ಕಲ್ಲಿನ ಚೂರು ಸಿಕ್ಕಿಕೊಂಡರೂ ಭಾರ ಅಲ್ಲೇ ಒತ್ತಿ ಗಾಜು ಸೀಳಬಹುದು. ಹಾಗಾಗಿ ಮೇಜು ಒರೆಸಿ, ಟ್ಯಾಂಕಿನ ಅಳತೆಗೆ ಕತ್ತರಿಸಿದ ಫೋಮ್ ಹಾಸಿ. ಹಳೆಯ ಯೋಗ ಮ್ಯಾಟ್ ಆದರೂ ಸಾಕು. ರಸಮಟ್ಟ ಇಟ್ಟು ನಾಲ್ಕೂ ಕಡೆ ನೋಡಿ. ಮೇಲೆ ಪಟ್ಟಿ ಇಲ್ಲವಲ್ಲ, ಒಂದು ಕಡೆ ಅರ್ಧ ಸೆಂ.ಮೀ. ತಗ್ಗಿದ್ದರೂ ನೀರಿನ ಗೆರೆ ಓರೆಯಾಗಿರುವುದು ದಿನಾ ಕಣ್ಣಿಗೆ ಹೊಡೆಯುತ್ತದೆ. ಕಿಟಕಿಯ ನೇರ ಬಿಸಿಲು ಬೀಳುವ ಜಾಗವಂತೂ ಬೇಡವೇ ಬೇಡ, ಪಾಚಿ ತಡೆಯೋಕೆ ಆಗಲ್ಲ.

ತಳಕ್ಕೆ ಆಕ್ವಾ ಸಾಯಿಲ್ (ಗಿಡದ ಟ್ಯಾಂಕಿಗೆಂದೇ ಮಾರುವ ಗುಳಿಗೆ ರೂಪದ ಮಣ್ಣು) ಹಾಕುವುದಾದರೆ ತೊಳೆಯಬೇಡಿ, ಗುಳಿಗೆ ಒಡೆದು ಕೆಸರಾಗುತ್ತದೆ. ಮುಂದೆ 3 ಸೆಂ.ಮೀ., ಹಿಂದೆ 7-8 ಸೆಂ.ಮೀ. ಬರುವಂತೆ ಇಳಿಜಾರು ಮಾಡಿ. ಚಿಕ್ಕ ಟ್ಯಾಂಕಿಗೂ ಆಳ ಇದ್ದ ಹಾಗೆ ಕಾಣುತ್ತದೆ. ಹೊರಗಿನಿಂದ ಆರಿಸಿ ತಂದ ಕಲ್ಲಾದರೆ ಎರಡು ಹನಿ ವಿನೆಗರ್ ಬಿಟ್ಟು ನೋಡಿ. ಬುರುಬುರು ಅಂತ ನೊರೆ ಬಂದರೆ ಅದರಲ್ಲಿ ಸುಣ್ಣ ಇದೆ, ನೀರು ಗಡುಸಾಗುತ್ತದೆ.

ಈಗ ಗಿಡ. ಹೊಸಬರು ನಾಲ್ಕು ಕಡ್ಡಿ ನೆಟ್ಟು, ಬೆಳೆದ ಮೇಲೆ ನೋಡೋಣ ಅಂತ ಬಿಡುತ್ತಾರೆ. ಇದು ತಿರುಗುಮುರುಗು. ಮೊದಲ ದಿನವೇ ಮಣ್ಣು ಕಾಣದಷ್ಟು ನೆಡಿ. ಗಿಡ ಹೀರಿಕೊಳ್ಳದೆ ಬಿಟ್ಟ ಗೊಬ್ಬರ, ಬೆಳಕು ಪಾಚಿಯ ಪಾಲಿಗೇ ಹೋಗುತ್ತದೆ. ಹೈಗ್ರೋಫಿಲಾ, ಹಾರ್ನ್‌ವರ್ಟ್, ವ್ಯಾಲಿಸ್ನೇರಿಯಾ ಥರದ್ದು ಬೇಗ ಬೆಳೆದು ನೀರನ್ನು ಹತೋಟಿಗೆ ತರುತ್ತವೆ, ಅವು ಜಾಸ್ತಿ ಇರಲಿ. ಅನುಬಿಯಾಸ್, ಜಾವಾ ಫರ್ನ್ ನಿಧಾನ, ಆದರೆ ಕಡಿಮೆ ಬೆಳಕಿಗೂ ಬದುಕುತ್ತವೆ. ಇವೆರಡರಲ್ಲಿ ಅಡ್ಡಕ್ಕೆ ಮಲಗಿರುವ ಹಸಿರು ದಪ್ಪ ಕಾಂಡವಿರುತ್ತದೆ, ಅದನ್ನು ಮಣ್ಣಲ್ಲಿ ಹೂಳಬೇಡಿ, ಕೊಳೆಯುತ್ತದೆ. ಕಲ್ಲಿಗೋ ಮರದ ತುಂಡಿಗೋ ಹತ್ತಿಯ ದಾರದಿಂದ ಎರಡು ಸುತ್ತು ಕಟ್ಟಿ. ದಾರ ಕರಗುವ ಹೊತ್ತಿಗೆ ಬೇರು ತಾನೇ ಹಿಡಿದುಕೊಂಡಿರುತ್ತದೆ.

ಕ್ರಿಪ್ಟೊಕೊರೈನ್ ಅನ್ನೋ ಗಿಡ ಹಾಕಿದರೆ ಒಂದು ಮಾತು ನೆನಪಿಡಿ. ನನ್ನ ಮೊದಲ ಟ್ಯಾಂಕಿನಲ್ಲಿ ನೆಟ್ಟ ಎರಡನೇ ವಾರಕ್ಕೆ ಅದರ ಎಲೆಗಳು ಗಾಜಿನಂತೆ ಪಾರದರ್ಶಕವಾಗಿ, ಮುಟ್ಟಿದರೆ ಲೋಳೆ ಲೋಳೆಯಾಗಿ ಕೈಗೆ ಬಂದವು. ಸತ್ತೇ ಹೋಯಿತು ಅಂತ ಅಷ್ಟನ್ನೂ ಕಿತ್ತು ಹಾಕಿದೆ. ಒಂದು ಬುಡ ಮಾತ್ರ ಕಲ್ಲಿನ ಸಂದಿಯಲ್ಲಿ ಉಳಿದುಬಿಟ್ಟಿತ್ತು. ಮೂರು ವಾರದ ಮೇಲೆ ಅಲ್ಲಿಂದ ಉಗುರಿನಷ್ಟು ಕಂದು ಎಲೆ, ಸುರುಳಿ ಬಿಚ್ಚುತ್ತಾ ಮೇಲೆ ಬಂತು. ಕಿತ್ತು ಎಸೆದ ಉಳಿದವನ್ನು ನೆನೆದು ಈಗಲೂ ಬೇಜಾರಾಗುತ್ತದೆ. ಜಾಗ, ನೀರು ಬದಲಾದಾಗ ಈ ಗಿಡ ಎಲೆ ಉದುರಿಸುತ್ತದೆ, ಬೇರು ಬದುಕಿರುತ್ತದೆ. ಕೊಳೆತ ಎಲೆ ಕತ್ತರಿಸಿ ತೆಗೆಯಿರಿ, ಬುಡ ಮುಟ್ಟಬೇಡಿ.

ನೀರು ಹಾಕುವಾಗ ಗಿಡದ ಮೇಲೆ ಒಂದು ಪ್ಲಾಸ್ಟಿಕ್ ಹಾಳೆ ಹೊದಿಸಿ, ಅದರ ಮೇಲೆ ಸಣ್ಣಗೆ ಬಿಡಿ. ಅರ್ಧ ಗಂಟೆ ಹಿಡಿದರೂ ಪರವಾಗಿಲ್ಲ. ನಲ್ಲಿ ನೀರಾದರೆ ಅದರ ಕ್ಲೋರಿನ್ ತೆಗೆಯುವ ಡಿಕ್ಲೋರಿನೇಟರ್ ಹಾಕಲೇಬೇಕು. ಲೈಟ್ ಮೊದಲ ತಿಂಗಳು ದಿನಕ್ಕೆ 6 ಗಂಟೆ ಸಾಕು, ಟೈಮರ್ ಹಾಕಿಬಿಡಿ. ಎರಡನೇ ವಾರದ ಹೊತ್ತಿಗೆ ಗಾಜಿನ ಮೇಲೆ ಕಂದು ಪುಡಿ ಕೂತರೆ ಗಾಬರಿ ಬೇಡ, ಒರೆಸಿದರೆ ಹೋಗುತ್ತದೆ. ಟ್ಯಾಂಕ್ ಹಳತಾದಂತೆ ತಾನೇ ನಿಲ್ಲುತ್ತದೆ.

ಮೀನು ಯಾಕೆ ಬೇಡ ಅಂದೆ ಅಂದ್ರೆ, ಹೊಸ ಸಾಯಿಲ್ ಮೊದಲ ವಾರಗಳಲ್ಲಿ ಅಮೋನಿಯಾ ಬಿಡುತ್ತದೆ. ಮೀನಿನ ಹಿಕ್ಕೆ, ತಿನ್ನದೆ ಬಿಟ್ಟ ಆಹಾರದಿಂದಲೂ ಬರುವುದು ಅದೇ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲೆರಡೂ ಮೀನಿಗೆ ವಿಷ. ನೈಟ್ರೇಟ್ ಗಿಡಕ್ಕೆ ಊಟ. ಈ ಬ್ಯಾಕ್ಟೀರಿಯಾ ಫಿಲ್ಟರಿನ ಸ್ಪಂಜಿನಲ್ಲಿ, ಮಣ್ಣಿನಲ್ಲಿ ಮನೆ ಮಾಡೋಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ನೀರು ತಿಳಿಯಾಗಿದೆ ಅಂದ ಮಾತ್ರಕ್ಕೆ ಸುರಕ್ಷಿತ ಅಲ್ಲ, ಅಮೋನಿಯಾ ಕಣ್ಣಿಗೆ ಕಾಣಲ್ಲ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ ಬಂದು ಹಾಗೇ ನಿಲ್ಲಬೇಕು. ಅಲ್ಲಿವರೆಗೆ ವಾರಕ್ಕೆ ಎರಡು ಸಲ ಅರ್ಧ ನೀರು ಬದಲಿಸಿ. ಆಮೇಲೆ ವಾರಕ್ಕೊಮ್ಮೆ ಮೂರನೇ ಒಂದು ಭಾಗ ಸಾಕು. ಸ್ಪಂಜನ್ನು ನಲ್ಲಿ ಕೆಳಗೆ ತೊಳೆಯಬೇಡಿ, ಟ್ಯಾಂಕಿನಿಂದ ತೆಗೆದ ನೀರಲ್ಲೇ ಹಿಂಡಿ.

ಆಮೇಲೆ ಏನು ಬಿಡೋದು? 40 ಲೀಟರಿಗೆ ಎಂಟು ಎಂಬರ್ ಟೆಟ್ರಾ ಮೀನು, ಜೊತೆಗೆ ಹತ್ತು ಚೆರ್ರಿ ಸೀಗಡಿ. ಇಲ್ಲವೇ ಒಂದೇ ಒಂದು ಬೆಟ್ಟಾ ಮೀನು. ಗೋಲ್ಡ್‌ಫಿಶ್ ಬೇಡ, ದೊಡ್ಡದಾಗುತ್ತದೆ, ಗಿಡ ಕೀಳುತ್ತದೆ. ಸೀಗಡಿ ಇದ್ದರೆ ತಾಮ್ರ ಇರುವ ಔಷಧಿ ಹತ್ತಿರವೂ ತರಬೇಡಿ. ಮೇಲೆ ಮುಚ್ಚಳ ಇಲ್ಲದ ಟ್ಯಾಂಕು, ಮೀನು ಹಾರುತ್ತವೆ. ಅಂಚಿನಿಂದ 4-5 ಸೆಂ.ಮೀ. ಕೆಳಗೆ ನೀರು ನಿಲ್ಲಿಸಿ, ಮೇಲೆ ತೇಲುವ ಗಿಡ ಬಿಡಿ. ಆದರೂ ಪೂರ್ತಿ ನಿಲ್ಲಲ್ಲ, ತೆಳು ಗಾಜಿನ ಮುಚ್ಚಳ ಮಾಡಿಸಿದರೆ ಇನ್ನೂ ಒಳ್ಳೆಯದು. ನೀರು ಆವಿಯಾಗುವುದೂ ಕಡಿಮೆಯಾಗುತ್ತದೆ.

ಹಾಗಾದರೆ ಮಾಡಬೇಕಾದ್ದು ಇಷ್ಟು: ಶನಿವಾರವೇ ಫೋಮ್ ಹಾಸಿ, ರಸಮಟ್ಟ ನೋಡಿ, ಮಣ್ಣು ಹಾಕಿ ಕಲ್ಲು ಇಡಿ. ಒಂದು ರಾತ್ರಿ ಒಣಗಿದ ಹಾಗೇ ಬಿಟ್ಟು ಭಾನುವಾರ ಬೆಳಿಗ್ಗೆ ಬೇರೆ ಬೇರೆ ಕಡೆಯಿಂದ ನೋಡಿ. ಕಲ್ಲು ಸ್ವಲ್ಪ ಸರಿಸೋಣ ಅಂತ ಅನ್ನಿಸುತ್ತದೆ ಅಲ್ವಾ, ಆಗಲೇ ಸರಿಸಿ. ಅದಾದ ಮೇಲೆ ಗಿಡ, ಆಮೇಲೆ ನೀರು.